ಸಿಬಿಲ್ ಸ್ಕೋರ್ ಚೆನ್ನಾಗಿದ್ದರೂ ಬ್ಯಾಲೆನ್ಸ್ ಟ್ರಾನ್ಸ್‌ಫರ್‌ಗೆ ಕಾರ್ಡ್ ಯಾಕೆ ಕೊಡುತ್ತಿಲ್ಲ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ಸಕಲೇಶಪುರದ ಕಡೆ ಸ್ವಲ್ಪ ಕಾಫಿ ತೋಟ. ತಾಯಿಯ ಆಪರೇಷನ್‌ಗೆ ಕ್ರೆಡಿಟ್ ಕಾರ್ಡ್ ಬಳಸಿ ಈಗ 1,60,000 ರೂಪಾಯಿ ಬಾಕಿ ನಿಂತಿದೆ. ಕಾರ್ಡ್ ಲಿಮಿಟ್ 2 ಲಕ್ಷ. ತಿಂಗಳಿಗೆ 8,000 ಕಟ್ಟುತ್ತಿದ್ದೀರಿ, ಒಂದು ಸಲವೂ ತಡ ಮಾಡಿಲ್ಲ, ಸಿಬಿಲ್ ಸ್ಕೋರ್ 765. ಆದರೂ ಬಾಕಿಯನ್ನು ಬೇರೆ ಬ್ಯಾಂಕ್‌ನ ಹೊಸ ಕಾರ್ಡ್‌ಗೆ ಕಡಿಮೆ ಬಡ್ಡಿಗೆ ವರ್ಗಾಯಿಸಿಕೊಳ್ಳಲು (ಬ್ಯಾಲೆನ್ಸ್ ಟ್ರಾನ್ಸ್‌ಫರ್) ಕೇಳಿದ ಮೂರು ಬ್ಯಾಂಕ್‌ಗಳೂ ಕಾರ್ಡ್ ಕೊಡಲಿಲ್ಲ. ಸರಿಯಾಗಿ ಕಟ್ಟುವವನಿಗೇ ಯಾಕೆ ಹೀಗೆ ಅಂತ ಕೇಳಿದ್ದೀರಿ.

ನಾನು ಚಿಕ್ಕಮಗಳೂರಿನಲ್ಲಿ ಐಟಿ ರಿಟರ್ನ್ಸ್, ಜಿಎಸ್‌ಟಿ ಕೆಲಸ ಮಾಡಿಕೊಡುತ್ತೇನೆ. ಬರುವವರಲ್ಲಿ ಬೆಳೆಗಾರರು, ಅಂಗಡಿಯವರೇ ಜಾಸ್ತಿ. ನನಗೂ ಒಮ್ಮೆ ಹೀಗೇ ಕಾರ್ಡ್ ಇಲ್ಲ ಅಂದಿದ್ದರು. ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ: ನಿಮ್ಮ ಹೆಸರು ಕೆಟ್ಟಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸ್ಕೋರ್ ಹೇಳುವುದು ಇಷ್ಟೇ, ಈ ಮನುಷ್ಯ ಇಲ್ಲಿಯವರೆಗೆ ಸಾಲವನ್ನು ಹೇಗೆ ಕಟ್ಟಿದ್ದಾನೆ ಅಂತ. ಹೊಸ ಕಾರ್ಡ್ ಕೊಡುವ ಬ್ಯಾಂಕ್ ಕೇಳುವ ಪ್ರಶ್ನೆ ಬೇರೆ. ಇವನ ತಲೆಯ ಮೇಲೆ ಈಗ ಎಷ್ಟಿದೆ, ಇನ್ನೂ ಎಷ್ಟು ಹೊರಬಲ್ಲ? ನಿಮ್ಮ ಕ್ರೆಡಿಟ್ ರಿಪೋರ್ಟ್‌ನಲ್ಲಿ, ಅಂದರೆ ಸ್ಕೋರ್‌ನ ಹಿಂದಿರುವ ಸಾಲಗಳ ದಾಖಲೆಯಲ್ಲಿ, ಕಾರ್ಡ್‌ನ ಲಿಮಿಟ್ಟೂ ಇರುತ್ತದೆ, ಬಾಕಿಯೂ ಇರುತ್ತದೆ. 2 ಲಕ್ಷದಲ್ಲಿ 1.6 ಲಕ್ಷ ಅಂದರೆ 80 ಪರ್ಸೆಂಟ್ ಬಳಕೆ. ಸಾಮಾನ್ಯವಾಗಿ 30 ಪರ್ಸೆಂಟ್ ಒಳಗಿದ್ದರೆ ಒಳ್ಳೆಯದು ಅಂತಾರೆ. ನೀವು ತಪ್ಪದೆ ಕಟ್ಟುತ್ತಿದ್ದೀರಿ ಎಂಬುದರಿಂದ ಸ್ಕೋರ್ ಉಳಿದಿದೆ. ಪೂರ್ತಿ ಕಟ್ಟಲು ಆಗುತ್ತಿಲ್ಲ ಎಂಬುದೂ ಅದೇ ರಿಪೋರ್ಟ್‌ನಲ್ಲಿ ಬ್ಯಾಂಕ್‌ಗೆ ಕಾಣುತ್ತದೆ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಬೇಕಾಗುವುದೇ ಹೀಗೆ ಬಾಕಿ ನಿಂತವರಿಗೆ. ಹಾಗಾಗಿ ಯಾರಿಗೆ ನಿಜವಾಗಿ ಬೇಕೋ ಅವರಿಗೇ ಬಾಗಿಲು ಮುಚ್ಚುತ್ತದೆ. ಇದು ನನಗೂ ಬೇಜಾರಿನ ವಿಷಯವೇ.

ಇನ್ನೊಂದು ಕಾರಣವೂ ಇದೆ. 2023ರ ನವೆಂಬರ್‌ನಲ್ಲಿ ಆರ್‌ಬಿಐ, ಬ್ಯಾಂಕ್‌ಗಳ ಕ್ರೆಡಿಟ್ ಕಾರ್ಡ್ ಬಾಕಿಯ ಮೇಲಿನ ರಿಸ್ಕ್ ವೆಯ್ಟ್ ಅನ್ನು 125ರಿಂದ 150 ಪರ್ಸೆಂಟ್‌ಗೆ ಏರಿಸಿತು. ಅಂದರೆ ಕಾರ್ಡ್ ಮೇಲೆ ಕೊಡುವ ಅಷ್ಟೇ ಸಾಲಕ್ಕೆ ಬ್ಯಾಂಕ್ ತನ್ನ ಸ್ವಂತ ಬಂಡವಾಳವನ್ನು ಮೊದಲಿಗಿಂತ ಜಾಸ್ತಿ ಎತ್ತಿಡಬೇಕು. ಅಡಮಾನವಿಲ್ಲದ ಸಾಲ ಕೊಡುವಾಗ ಕೈ ಬಿಗಿ ಹಿಡಿಯಲು ಇಷ್ಟು ಸಾಕು.

ಈಗ ನಮ್ಮ ಕಡೆಯ ಸಮಸ್ಯೆಗೆ ಬರುತ್ತೇನೆ. ನಿಮ್ಮ ಮಟ್ಟಿಗೆ ಇದೇ ಮುಖ್ಯ ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಕ್ಯೂರಿಂಗ್ (ಸಂಸ್ಕರಣೆ) ಮಾಡದೆ ಮಾರಿದ ಕಾಫಿಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಎಷ್ಟೋ ಜನ ಅದನ್ನು ರಿಟರ್ನ್ಸ್‌ನಲ್ಲಿ ತೋರಿಸುವುದೇ ಇಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಎಂಬ ಸರಳ ರಿಟರ್ನ್ಸ್ ಫಾರಂ ಹಾಕುವಂತಿಲ್ಲ, ಬೇರೆ ಫಾರಂನಲ್ಲಿ ವಿನಾಯಿತಿ ಆದಾಯ ಅಂತ ತೋರಿಸಬೇಕು. ತೋರಿಸಿದರೂ ಅದು ಒಟ್ಟು ಆದಾಯದ ಸಾಲಿನಲ್ಲಿ ಸೇರುವುದಿಲ್ಲ. ಕಾರ್ಡ್ ಅರ್ಜಿ ನೋಡುವವರು ಆ ಒಂದು ಸಾಲನ್ನು ಮಾತ್ರ ನೋಡಿದರೆ ನಿಮ್ಮ ಅಂಗಡಿಯ ಲಾಭ ಮಾತ್ರ ಕಾಣುತ್ತದೆ, ತೋಟ ಕಾಣುವುದೇ ಇಲ್ಲ.

ಜೊತೆಗೆ ನಮ್ಮ ದುಡ್ಡು ವರ್ಷಪೂರ್ತಿ ಬರುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಹಿಂದೆ ಮಾರ್ಚ್‌ವರೆಗೆ. ನೀವು ಮಳೆಗಾಲದಲ್ಲಿ ಅರ್ಜಿ ಹಾಕಿ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಕೊಟ್ಟರೆ, ಅದರಲ್ಲಿ ಗೊಬ್ಬರ, ಆಳುಗಳ ಸಂಬಳದ ಖರ್ಚೇ ಇರುತ್ತದೆ. ದೂರದ ಊರಲ್ಲಿ ಕೂತು ನೋಡುವವರಿಗೆ ಈ ಲೆಕ್ಕ ಎಲ್ಲಿ ಗೊತ್ತಾಗಬೇಕು? ಸಂಬಳದವರನ್ನು ಅಳೆಯುವ ಅಳತೆಯಲ್ಲೇ ಬೆಳೆಗಾರರನ್ನೂ ಅಳೆಯುವುದು ಸರಿಯಲ್ಲ ಅಂತ ನಾನು ಯಾವಾಗಲೂ ಹೇಳುತ್ತೇನೆ.

ನನ್ನ ವಿಷಯದಲ್ಲಿ ಆಗಿದ್ದೂ ಇದೇ. ಮೊದಲು ಬಂದ ಮೆಸೇಜ್‌ನಲ್ಲಿ ಇದ್ದದ್ದು "ಇಂಟರ್ನಲ್ ಪಾಲಿಸಿ" ಅಂತ ಮಾತ್ರ. ನಿರ್ದಿಷ್ಟ ಕಾರಣ ಕೊಡಿ ಅಂತ ಇಮೇಲ್ ಬರೆದೆ. ರಿಟರ್ನ್ಸ್‌ನಲ್ಲಿನ ಆದಾಯ ಅವರ ಮಿತಿಗಿಂತ ಕಡಿಮೆ ಅಂತ ಉತ್ತರ ಬಂತು. ಮನೆಯ ತೋಟದಲ್ಲಿ ನನ್ನ ಪಾಲಿಗೆ ಬರುವ ಹಣ ಅವರ ಲೆಕ್ಕಕ್ಕೇ ಬಂದಿರಲಿಲ್ಲ.

ನೀವೂ ಹಾಗೆ ಬರೆಯಿರಿ, ಇದು ನಿಮ್ಮ ಹಕ್ಕು. ಕಾರ್ಡ್ ಅರ್ಜಿ ತಿರಸ್ಕರಿಸಿದರೆ ಅದರ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಅಂತ ಆರ್‌ಬಿಐನ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲೇ ಇದೆ. "ಪಾಲಿಸಿ ಪ್ರಕಾರ ಆಗಲ್ಲ" ಅನ್ನುವುದು ಕಾರಣ ಅಲ್ಲ. ಮೂವರಿಗೂ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಒಂದು ಎಚ್ಚರಿಕೆ: ಕಾರ್ಡ್ ಕೊಡಲಿಲ್ಲ ಅಂತ ದೂರು ಕೊಟ್ಟರೆ ನಡೆಯುವುದಿಲ್ಲ. ಯಾರಿಗೆ ಸಾಲ ಕೊಡಬೇಕು ಎಂಬುದು ಬ್ಯಾಂಕ್‌ನ ವ್ಯವಹಾರದ ತೀರ್ಮಾನ. ಕಾರಣ ತಿಳಿಸಲಿಲ್ಲ ಅಂತಲೇ ದೂರಿನಲ್ಲಿ ಬರೆಯಿರಿ.

ಉತ್ತರ ಬರುವವರೆಗೆ ನಾಲ್ಕನೇ ಬ್ಯಾಂಕ್‌ಗೆ ದಯವಿಟ್ಟು ಹೋಗಬೇಡಿ. ಪ್ರತಿ ಅರ್ಜಿಯೂ ರಿಪೋರ್ಟ್‌ನಲ್ಲಿ ಎನ್‌ಕ್ವೈರಿ ಆಗಿ ಕೂರುತ್ತದೆ. ಸ್ವಲ್ಪ ಸಮಯದಲ್ಲೇ ಹಲವು ಅರ್ಜಿ ಕಂಡರೆ, ಇವರಿಗೆ ದುಡ್ಡಿನ ತುರ್ತಿದೆ ಅಂತ ಮುಂದಿನವರು ಹಿಂದೆ ಸರಿಯುತ್ತಾರೆ. ನಿಮ್ಮ ಸ್ಕೋರ್ ನೀವೇ ನೋಡಿಕೊಂಡರೆ ಏನೂ ಇಳಿಯುವುದಿಲ್ಲ, ಆ ಭಯ ಬೇಡ.

ಸ್ಕೋರ್ ನೋಡಿದರಷ್ಟೇ ಸಾಲದು, ಪೂರ್ತಿ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ಅದರಲ್ಲಿ ಮೊದಲು ಜಾಮೀನು ಹುಡುಕಿ. ನಮ್ಮಲ್ಲಿ ಭಾವನ ಟ್ರ್ಯಾಕ್ಟರ್ ಸಾಲಕ್ಕೆ, ಪಕ್ಕದ ತೋಟದವರ ಸಾಲಕ್ಕೆ ಸಹಿ ಹಾಕಿ ಮರೆತುಬಿಡುವುದು ತೀರಾ ಮಾಮೂಲಿ. ಅದು ನಿಮ್ಮ ರಿಪೋರ್ಟ್‌ನಲ್ಲೂ ಬರುತ್ತದೆ. ಆಮೇಲೆ ಬೆಳೆ ಸಾಲ ಸಮಯಕ್ಕೆ ನವೀಕರಣ ಆಗಿದೆಯೇ, ತೀರಿಸಿದ ಚಿನ್ನದ ಸಾಲ ಇನ್ನೂ ಚಾಲ್ತಿ ಅಂತ ಇದೆಯೇ ನೋಡಿ. ಆಧಾರ್‌ನಲ್ಲಿ ಊರಿನ ವಿಳಾಸ, ಅರ್ಜಿಯಲ್ಲಿ ಹಾಸನದ ವಿಳಾಸ ಇದ್ದರೂ ಅರ್ಜಿ ಬೀಳಬಹುದು. ತಪ್ಪು ಕಂಡರೆ ಆನ್‌ಲೈನ್‌ನಲ್ಲೇ ದೂರು ಹಾಕಿ. 30 ದಿನದೊಳಗೆ ಅದನ್ನು ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ.

ಇಷ್ಟಾದರೂ ನಿಜವಾಗಿ ಯೋಚಿಸಬೇಕಾದ್ದು ಬೇರೆ. ನಿಮಗೆ ಆ ಕಾರ್ಡೇ ಬೇಕಾ? ಲೆಕ್ಕ ಹಾಕೋಣ. ನಿಮ್ಮ ಕಾರ್ಡ್‌ನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 1,60,000ಕ್ಕೆ 5,600 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 1,008. ಒಟ್ಟು 6,608. ನೀವು ಕಟ್ಟುವ 8,000ದಲ್ಲಿ ಅಸಲಿಗೆ ಹೋಗುವುದು 1,392 ಮಾತ್ರ. ಹೊಸದಾಗಿ ಒಂದು ರೂಪಾಯಿ ಖರ್ಚು ಮಾಡದಿದ್ದರೂ ತೀರಲು ಮೂರೂವರೆ ವರ್ಷಕ್ಕೂ ಜಾಸ್ತಿ ಬೇಕು. ಮತ್ತೆ, ಬಾಕಿ ಇರುವವರೆಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ. ಆ ಕಾರ್ಡ್ ಅನ್ನು ಇವತ್ತೇ ಪಕ್ಕಕ್ಕಿಡಿ.

ಅದೇ 1,60,000ಕ್ಕೆ 14 ಪರ್ಸೆಂಟ್‌ನಂತೆ ಎರಡು ವರ್ಷದ ಪರ್ಸನಲ್ ಲೋನ್ ಸಿಕ್ಕರೆ ಕಂತು ಸುಮಾರು 7,680 ರೂಪಾಯಿ. ಈಗ ಕಟ್ಟುವುದಕ್ಕಿಂತ ಕಡಿಮೆ, 24 ತಿಂಗಳಲ್ಲಿ ಪೂರ್ತಿ ಚುಕ್ತಾ. ಬ್ಯಾಲೆನ್ಸ್ ಟ್ರಾನ್ಸ್‌ಫರ್‌ನಲ್ಲಿ ಕಡಿಮೆ ಬಡ್ಡಿ ಬಹಳಷ್ಟು ಕಡೆ ಕೆಲವೇ ತಿಂಗಳು, ಶುಲ್ಕ ಬೇರೆ. ಹೊಸ ಕಾರ್ಡ್‌ನ ಲಿಮಿಟ್ 1 ಲಕ್ಷ ಬಂದರೆ ಅದಕ್ಕಿಂತ ಜಾಸ್ತಿ ವರ್ಗಾಯಿಸಲೂ ಆಗುವುದಿಲ್ಲ. ಉಳಿದದ್ದು ಹಳೇ ಬಡ್ಡಿಯಲ್ಲೇ ಓಡುತ್ತದೆ.

ಹಾಗಾಗಿ ಮೊದಲು ಈಗಿರುವ ಕಾರ್ಡ್‌ನ ಬ್ಯಾಂಕ್‌ಗೇ ಫೋನ್ ಮಾಡಿ, ಬಾಕಿಯನ್ನು ಇಎಂಐಗೆ ಬದಲಿಸಲು ಆಗುತ್ತಾ ಕೇಳಿ. ಬಡ್ಡಿ, ಶುಲ್ಕ ಎರಡನ್ನೂ ಬರೆದುಕೊಳ್ಳಿ. ಆಮೇಲೆ ಅಂಗಡಿಯ ಖಾತೆ ಇರುವ ಬ್ರಾಂಚ್‌ಗೆ ಹೋಗಿ ಮ್ಯಾನೇಜರ್ ಹತ್ತಿರ ನೇರ ಮಾತಾಡಿ. ಪಹಣಿ, ಕಾಫಿ ಮಾರಿದ ಬಿಲ್, ಜಿಎಸ್‌ಟಿ ರಿಟರ್ನ್ಸ್, ಇಡೀ ವರ್ಷದ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಿ. ನಿಮ್ಮ ತೋಟ ಎಲ್ಲಿದೆ, ದುಡ್ಡು ಯಾವಾಗ ಬರುತ್ತದೆ ಅಂತ ಅರ್ಥವಾಗುವುದು ಅವರಿಗೇ. ಅಲ್ಲೂ ಆಗದಿದ್ದರೆ, ಮನೆಯವರು ಒಪ್ಪಿದರೆ ಚಿನ್ನದ ಸಾಲ ಕೇಳಿ ನೋಡಿ. ಬ್ಯಾಂಕ್‌ನಲ್ಲಿ ಇಟ್ಟರೆ ಕಾರ್ಡ್‌ಗಿಂತ ಬಡ್ಡಿ ತುಂಬಾ ಕಡಿಮೆ. ಕೊಯ್ಲಿನ ದುಡ್ಡು ಬಂದಾಗ ಬಿಡಿಸಿಕೊಳ್ಳಬಹುದು.

ರಿಪೋರ್ಟ್ ಬಂದ ಮೇಲೆ ಅರ್ಥವಾಗದ ಸಾಲು ಇದ್ದರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ. ಪ್ಯಾನ್, ಖಾತೆ ನಂಬರ್ ಮಾತ್ರ ಹಾಕಬೇಡಿ.