ಮರಿ ದೂರ ನಿಲ್ಲಬೇಕೆಂದರೆ ತಿಂಡಿ ದೂರ ಬೀಳಬೇಕು

ನೀವು ಕೇಳಿದ್ದು ಇಷ್ಟು: ಮೂರೂವರೆ ತಿಂಗಳ ಮುಧೋಳ ತಳಿಯ ನಾಯಿಮರಿಗೆ 'ಕೂಡು' (ಕೂತುಕೋ) ಕಲಿಸಲು ಹೋದರೆ ಮೈಮೇಲೆ ಹಾರುತ್ತದೆ, ತಿಂಡಿ ಹಿಡಿದ ಕೈಗೇ ಬಾಯಿ ಹಾಕುತ್ತದೆ, ಮೊಣಕಾಲಿನಿಂದ ತಳ್ಳಿದರೆ ಇನ್ನೂ ಜಾಸ್ತಿ ಮಾಡುತ್ತದೆ. ಮೂತಿಗೆ ಒಂದು ಬಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಾರೆ, ಹೌದಾ?

ಹೊಡೆಯಬೇಡಿ. ಧಾರವಾಡದಲ್ಲಿ ನಮ್ಮ ಮನೆಯಲ್ಲೂ ಮುಧೋಳ ಇದೆ. ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನಕ್ಕೆ ವಾಕಿಂಗ್ ಬರುವ ಹಿರಿಯರು ಇದೇ ಸಲಹೆಯನ್ನು ನನಗೂ ಪುಕ್ಕಟೆ ಕೊಟ್ಟಿದ್ದಾರೆ. ಮೂತಿಗೆ ಹೊಡೆಸಿಕೊಂಡ ಮರಿ ಕೈ ಕಂಡರೆ ಹೆದರುವುದನ್ನು ಕಲಿಯುತ್ತದೆ. ದೂರ ನಿಲ್ಲುವುದನ್ನು ಕಲಿಯುವುದಿಲ್ಲ.

ಮೊದಲು ಒಂದು ವಿಷಯ ಗಮನಿಸಿ. ನೀವು ತಿಂಡಿ ಎಲ್ಲಿ ಕೊಡುತ್ತೀರಿ? ಎದೆ ಹತ್ತಿರ ಕೈ ಇಟ್ಟುಕೊಂಡು, ಮರಿ ಮೂತಿ ಎತ್ತಿದಾಗ ಅಲ್ಲೇ ಬಾಯಿಗೆ ಹಾಕುತ್ತೀರಿ, ಅಲ್ವಾ? ನಿಮ್ಮ ಲೆಕ್ಕದಲ್ಲಿ ಅದು ಕೂತಿದ್ದಕ್ಕೆ ಕೊಟ್ಟದ್ದು. ಮರಿಯ ಲೆಕ್ಕದಲ್ಲಿ ನಿಮ್ಮ ಅಂಗಿ ಗುಂಡಿಯ ಹತ್ತಿರ ಊಟ ಸಿಗುತ್ತದೆ. ಹಾಗಾಗಿ ಅಲ್ಲಿಗೇ ಹಾರುತ್ತದೆ. ಅದು ಪೊಗರಲ್ಲ, ನಾವೇ ಕಲಿಸಿದ ಪಾಠ.

ತಿಂಡಿ ಬೀಳುವ ಜಾಗ ಬದಲಿಸಿ. ಹಳೆಯ ಕೌದಿ ಇದ್ದರೆ ಮಡಚಿ, ನಿಮ್ಮಿಂದ ಎರಡು ಮೂರು ಹೆಜ್ಜೆ ಆಚೆ ಹಾಸಿ. ತಿಂಡಿಯ ಬಟ್ಟಲು ಎತ್ತರದ ಗೂಡಿನಲ್ಲಿರಲಿ. ಕೈಯಲ್ಲಾಗಲಿ ಕಿಸೆಯಲ್ಲಾಗಲಿ ಬೇಡ. ಮರಿಯ ನಾಲ್ಕೂ ಕಾಲು ನೆಲದ ಮೇಲಿದ್ದ ಕ್ಷಣವೇ 'ಶಾಬಾಶ್' ಅನ್ನಿ, ಆಮೇಲೆ ತುಣುಕನ್ನು ಕೌದಿಯ ಮೇಲೆ ಎಸೆಯಿರಿ. ಮರಿ ಅಲ್ಲಿಗೆ ಓಡುತ್ತದೆ, ತಿಂದು ತಿರುಗಿ ನೋಡುತ್ತದೆ. ಅದು ನಿಮ್ಮ ಕಡೆ ಹೊರಡುವ ಮೊದಲೇ ಇನ್ನೊಂದು ಶಾಬಾಶ್, ಇನ್ನೊಂದು ತುಣುಕು. ಹೀಗೆ ಮಾಡುತ್ತಾ ಹೋದರೆ ಕೌದಿಯ ಮೇಲೆ ನಿಂತು ನಿಮ್ಮ ಮುಖ ನೋಡುವುದೇ ಲಾಭ ಎಂದು ಅದಕ್ಕೆ ತಿಳಿಯುತ್ತದೆ. 'ಕೂಡು' ಕಲಿಸುವುದು ಆಮೇಲೆ.

ತುಣುಕು ಕಡಲೆಕಾಳಿಗಿಂತ ದೊಡ್ಡದು ಬೇಡ. ಚಪಾತಿ, ಬೇಯಿಸಿದ ಮೊಟ್ಟೆ, ಉಪ್ಪು ಹಾಕದ ಚಿಕನ್ ಸಾಕು. ಗಿರ್ಮಿಟ್ ತಿನ್ನುತ್ತಾ ಕೂತು ಮರಿಗೂ ಎರಡು ಕಾಳು ಹಾಕುವವರಿದ್ದಾರೆ. ಅದರಲ್ಲಿ ಈರುಳ್ಳಿ ಇರುತ್ತದೆ, ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತದೆ. ಪೇಢೆಯೂ ಬೇಡ.

ಅಷ್ಟಾದರೂ ಹಾರಿದರೆ? ತಳ್ಳಬೇಡಿ. ಮರಿಗಳು ತಮ್ಮ ತಮ್ಮಲ್ಲಿ ಆಡುವುದೇ ತಳ್ಳಾಡಿಕೊಂಡು. ನೀವು ತಳ್ಳಿದರೆ ಆಟಕ್ಕೆ ಬಂದಿರಿ ಎಂದೇ ಅದು ತಿಳಿಯುತ್ತದೆ. ಬೈಗುಳವೂ ಅಷ್ಟೇ, ಬೊಗಳಿದ್ದಕ್ಕೆ ಉತ್ತರ ಸಿಕ್ಕ ಹಾಗೆ. ಕೈ ಕಟ್ಟಿ, ಪಕ್ಕಕ್ಕೆ ತಿರುಗಿ, ಸುಮ್ನೆ ನಿಲ್ಲಿ. ಕಾಲು ನೆಲಕ್ಕೆ ತಾಗಿದ ಕೂಡಲೇ ಶಾಬಾಶ್. ಮೊದಲು ಕೆಲವು ದಿನ ಹಾರುವುದು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಇಷ್ಟು ದಿನ ನಡೆಯುತ್ತಿದ್ದ ಉಪಾಯ ನಡೆಯದಿದ್ದಾಗ ಮರಿ ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಜನ ಸೋಲುವುದು ಇಲ್ಲೇ. ಆ ಹೊತ್ತಿಗೆ ಮುದ್ದು ಮಾಡಿದಿರೋ, ಇನ್ನೂ ಎತ್ತರಕ್ಕೆ ಹಾರಬೇಕು ಎಂದು ಕಲಿಸಿದಂತಾಯಿತು.

ಮನೆಯಲ್ಲಿ ಒಬ್ಬ ಅಜ್ಜ ಇದ್ದೇ ಇರುತ್ತಾರೆ, 'ಇರ್ಲಿ ಬಿಡೋ, ಸಣ್ಣ ಕೂಸು' ಅನ್ನುವವರು. ಮುಧೋಳ ನಾಯಿ ಬೆಳೆದರೆ ಭುಜದ ಮಟ್ಟಕ್ಕೇ ಎರಡು ಅಡಿ ದಾಟುತ್ತದೆ ಎಂದು ಅವರಿಗೆ ಹೇಳಿ. ಮಳೆಗಾಲದಲ್ಲಿ ಕೆಸರು ಕಾಲಿನಿಂದ ಅವರ ಬಿಳಿ ಧೋತರದ ಮೇಲೆ ಹಾರುವುದೂ ಅದೇ ನಾಯಿ. ಹತ್ತು ಸಲಕ್ಕೆ ಒಮ್ಮೆ ಮುದ್ದು ಸಿಕ್ಕರೂ ಆ ಒಂದು ಸಲಕ್ಕಾಗಿ ಅದು ಹಾರುತ್ತಲೇ ಇರುತ್ತದೆ.

ಕಚ್ಚುವುದಕ್ಕೆ ಬೇರೆ ಕಾರಣವೂ ಇದೆ. ಮರಿಗೆ 28 ಹಾಲುಹಲ್ಲು. ನಿಮ್ಮದರ ವಯಸ್ಸಿನಿಂದ ಅವು ಉದುರಲು ಶುರುವಾಗಿ, ಆರೇಳು ತಿಂಗಳಿಗೆ 42 ಹೊಸ ಹಲ್ಲು ಬರುತ್ತವೆ. ವಸಡು ಕಡಿಯುತ್ತಿರುತ್ತದೆ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ಕೊಡಿ, ನೀವು ಎದುರಿಗಿದ್ದಾಗ ಮಾತ್ರ. ಈ ವಯಸ್ಸಿನ ಮರಿ ದಿನದ ಬಹುಭಾಗ ಮಲಗಬೇಕು. ನಿದ್ದೆ ಕೆಟ್ಟ ಮರಿ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಆದ್ದರಿಂದ ನಿದ್ದೆ ಮಾಡಿ ಎದ್ದ ಮೇಲೆ ಎರಡು ಮೂರು ನಿಮಿಷ ಕಲಿಸಿ, ನಿಲ್ಲಿಸಿಬಿಡಿ. ಸಂಜೆ ಮಕ್ಕಳು ಟ್ಯೂಷನ್‌ನಿಂದ ಬಂದು ಗದ್ದಲ ಎಬ್ಬಿಸುವ ಹೊತ್ತು ಇದಕ್ಕೆ ಸುತರಾಂ ಬೇಡ.

ಇನ್ನೊಂದು, ಮುಧೋಳಕ್ಕೂ ತನ್ನ ಜಾಗ ಬೇಕು. ಇದು ಸ್ವಲ್ಪ ಬಿಗುಮಾನದ ತಳಿ. ಎಲ್ಲರೂ ಮುಟ್ಟುವುದು, ತಬ್ಬುವುದು ಇದಕ್ಕೆ ಸೇರುವುದಿಲ್ಲ. ಕೌದಿಯ ಮೇಲೆ ಮಲಗಿದಾಗ ಮಕ್ಕಳು ಹತ್ತಿರ ಹೋಗಬಾರದು. ಎದ್ದು ಆಚೆ ಹೋದರೆ ಹೋಗಲು ಬಿಡಿ. ಮೈಮೇಲೆ ಬಗ್ಗಿ ತಲೆ ಸವರುವುದಕ್ಕಿಂತ ಪಕ್ಕದಲ್ಲಿ ಕೂತು ಎದೆ ಸವರಿದರೆ ಇಷ್ಟಪಡುತ್ತದೆ.

ಮನೆಗೆ ಯಾರಾದರೂ ಬಂದಾಗ ಹಗ್ಗ ಹಾಕಿ, ಅದನ್ನು ಕಾಲಡಿ ಮೆಟ್ಟಿ ಹಿಡಿಯಿರಿ. ನಿಲ್ಲಲು, ಕೂಡಲು ಸಾಕಾಗಬೇಕು, ಹಾರಲು ಸಾಲಬಾರದು. ಈ ತಳಿಯ ತಲೆ ಸಣ್ಣ, ಮಾಮೂಲಿ ಕಾಲರ್ ಜಾರಿ ಹೋಗುತ್ತದೆ. ಎದೆಪಟ್ಟಿ ತೊಡಿಸಿ.

ಹಲ್ಲು ಅಥವಾ ಉಗುರು ತಾಗಿ ಚರ್ಮ ಕಿತ್ತರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮರಿಗೆ ಮೂರು ತಿಂಗಳಾದಾಗ ಹಾಕುತ್ತಾರೆ. ನಿಮ್ಮದಕ್ಕೆ ಆಗಿದೆಯಾ ನೋಡಿಕೊಳ್ಳಿ.