ತೋಪು ಅಡ ಇಟ್ಟು ಇಂಗ್ಲಿಷ್ ಕಲಿಯಲು ಹೋಗಬೇಕೇ?

ನನ್ನ ಹತ್ತಿರ ಸಲಹೆ ಕೇಳಿ ಬಂದ ಒಬ್ಬಳ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶ್ರೀನಿವಾಸಪುರ ಕಡೆಯ ಹುಡುಗಿ, ವಯಸ್ಸು 23. ಮನೆಯಲ್ಲಿ ತೆಲುಗು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಕೋಲಾರದಲ್ಲಿ ಬಿ.ಎಸ್ಸಿ. ಈಗ ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಬ್ರಿಟನ್ನಿನಲ್ಲಿ ಆಹಾರ ವಿಜ್ಞಾನದ ಎಂ.ಎಸ್ಸಿ. ಓದುವ ಆಸೆ.

ಅವಳು ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯ, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5 ಕೇಳಿತ್ತು, ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು. ಇವಳಿಗೆ ಬಂದದ್ದು ಒಟ್ಟು 6. ಕೇಳುವುದರಲ್ಲಿ 6.5, ಓದು ಮತ್ತು ಮಾತಿನಲ್ಲಿ ತಲಾ 6, ಬರವಣಿಗೆಯಲ್ಲಿ 5.5. ಆಗ ಒಬ್ಬ ಏಜೆಂಟ್ ಒಂದು ದಾರಿ ಹೇಳಿದ್ದರು. ಮೊದಲು ಅಲ್ಲಿನ ಒಂದು ವಿಶ್ವವಿದ್ಯಾಲಯದ ಭಾಷಾ ಶಾಲೆಯಲ್ಲಿ 11 ತಿಂಗಳು ಇಂಗ್ಲಿಷ್ ಕಲಿಯುವುದು, ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ತೂಗಿಸುವುದು, ಅಲ್ಲಿಂದಲೇ ಎಂ.ಎಸ್ಸಿ.ಗೆ ಸೇರುವುದು. ತಂದೆ ಮಾವಿನ ತೋಪಿನ ಮೇಲೆ ಸಾಲ ತೆಗೆಯಲು ಹೊರಟಿದ್ದರು.

ನನ್ನ ಹತ್ತಿರ ಬಂದಾಗ ಅವಳಿಗೆ ರಾತ್ರಿ ನಿದ್ದೆ ಇರಲಿಲ್ಲ. ಸಾಲದ ಭಯ ಒಂದು ಕಡೆ. ಅದಕ್ಕಿಂತ ಆಳದ್ದು ಬೇರೆ ಇತ್ತು. ಕೆಲಸದ ಜಾಗದಲ್ಲಿ ಒಮ್ಮೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುವಾಗ ಪಕ್ಕದವರು ನಕ್ಕಿದ್ದರು. ಅಂದಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ. "ಮೇಡಂ, ಅಲ್ಲಿಗೆ ಹೋದ್ರೆ ಮಾತು ತಾನಾಗೇ ಬರುತ್ತೆ ಅಲ್ವಾ?" ಎಂದು ಕೇಳಿದಳು.

ತಾನಾಗಿ ಬರುವುದಿಲ್ಲ ಎಂದೆ. ಅಲ್ಲೂ ನಮ್ಮವರ ರೂಮು ಹಿಡಿದು, ತೆಲುಗು–ಹಿಂದಿಯಲ್ಲೇ ದಿನ ಕಳೆಯಬಹುದು. ಆದರೆ ಭಾಷಾ ಶಾಲೆಯ ತರಗತಿಗೆ ಅವಳು ಹೆದರುವ ಕಾರಣವೇ ಇರಲಿಲ್ಲ. ಅಲ್ಲಿ ಕೂರುವವರು ಚೀನಾದಿಂದ, ಅರಬ್ ದೇಶಗಳಿಂದ, ಥಾಯ್ಲೆಂಡಿನಿಂದ ಬಂದವರು. ಎಲ್ಲರೂ ಕಲಿಯುವವರೇ. ತಪ್ಪು ತಿದ್ದುವುದೇ ಮೇಷ್ಟ್ರುಗಳ ಕೆಲಸ. ಉಪನ್ಯಾಸ ಕೇಳುತ್ತಾ ನೋಟ್ಸ್ ಮಾಡುವುದು, ಬೇರೆಯವರ ಮಾತನ್ನು ಮೂಲ ಹೇಳಿ ಬಳಸುವುದು, ಚರ್ಚೆಯಲ್ಲಿ ಒಪ್ಪದಿದ್ದರೆ ಹೇಗೆ ಹೇಳುವುದು, ಇಂಥವನ್ನು ಕಲಿಸುತ್ತಾರೆ. ಒಳ್ಳೆಯ ಜಾಗ. ನಾನು ಅದನ್ನು ಬೇಡ ಎನ್ನುವವಳಲ್ಲ.

ಬೇಡ ಎಂದದ್ದು ಆ 11 ತಿಂಗಳ ದಾರಿಗೆ. ಬ್ರಿಟನ್ನಿನಲ್ಲಿ ಬರೀ ಇಂಗ್ಲಿಷ್ ಕಲಿಯಲು 6ರಿಂದ 11 ತಿಂಗಳಿಗೆ ಕೊಡುವ ಅಲ್ಪಾವಧಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಸಂಬಳವಿಲ್ಲದ ಕೆಲಸವೂ ಇಲ್ಲ. ವೀಸಾ ಮುಂದುವರಿಸಲು ಆಗದು. ಎಂ.ಎಸ್ಸಿ. ಬೇಕೆಂದರೆ ಊರಿಗೆ ವಾಪಸ್ ಬಂದು ಹೊಸದಾಗಿ ಅರ್ಜಿ ಹಾಕಬೇಕು. ಅಲ್ಲಿನ ಸರ್ಕಾರದ ವೆಬ್‌ಸೈಟನ್ನು ಅವಳ ಕೈಯಲ್ಲೇ ತೆರೆಸಿ ಓದಿಸಿದೆ. ಸುಮ್ಮನೆ ಕೂತಳು. ಆಮೇಲೆ, "ನಮ್ಮಪ್ಪನಿಗೆ ನೀವೇ ಹೇಳ್ತೀರಾ?" ಎಂದಳು. ಹೇಳುವುದು ನೀವೇ, ನಾನು ಜೊತೆಗಿರುತ್ತೇನೆ ಎಂದೆ.

ಲೆಕ್ಕ ಹಾಕಿದರೆ ಅವಳು ಅಷ್ಟು ದೂರ ಇರಲಿಲ್ಲ. ಬರವಣಿಗೆ 6.5 ಆದರೆ ಸರಾಸರಿ 6.25, ಐಇಎಲ್‌ಟಿಎಸ್ ಅದನ್ನು 6.5 ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದವರಿಗೆ 60 ದಿನದೊಳಗೆ ಒಂದೇ ವಿಭಾಗ ಮತ್ತೆ ಬರೆಯುವ ಅವಕಾಶವೂ ಇದೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ, ಮೊದಲೇ ಕೇಳಬೇಕು. ಅಷ್ಟೂ ಆಗದಿದ್ದರೆ ಎಂ.ಎಸ್ಸಿ.ಗೆ ಮುಂಚೆ ಕೆಲವು ವಾರಗಳ ಇಂಗ್ಲಿಷ್ ಕೋರ್ಸನ್ನು ಅನೇಕ ವಿಶ್ವವಿದ್ಯಾಲಯಗಳು ತಾವೇ ನಡೆಸುತ್ತವೆ. ಅರ್ಧ ಅಂಕ ಕಡಿಮೆ ಇರುವವರಿಗೆ ಅದು ಸರಿಹೊಂದುತ್ತದೆ. ಅದರ ಕೊನೆಯ ಪರೀಕ್ಷೆ ಪಾಸಾಗದಿದ್ದರೆ ಸೀಟು ಹೋಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಪಾಸಾಗದಿದ್ದರೆ ಏನು, ಎರಡೂ ಕೋರ್ಸಿಗೆ ಒಂದೇ ವೀಸಾ ಸಾಕೇ, ಕಟ್ಟಿದ ಹಣ ವಾಪಸ್ ಬರುತ್ತದೆಯೇ ಎಂದು ಏಜೆಂಟನ್ನಲ್ಲ, ವಿಶ್ವವಿದ್ಯಾಲಯವನ್ನೇ ಇಮೇಲ್ ಮೂಲಕ ಕೇಳಲು ಹೇಳಿದೆ. ಇಂಗ್ಲಿಷಿನಲ್ಲಿ, ಅವಳೇ ಬರೆಯಬೇಕು.

ಮಾತಿನ ಭಯಕ್ಕೆ ಬೇರೆ ಕೆಲಸ ಕೊಟ್ಟೆ. ದಿನಾ ರಾತ್ರಿ, ತಾನು ಅವತ್ತು ಮಾಡಿದ ಕೆಲಸವನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಮೊದಲ ವಾರ ಯಾರಿಗೂ ಕೇಳಿಸುವುದು ಬೇಡ. ಆಮೇಲೆ ನಗದೇ ಕೇಳುವ ಒಬ್ಬ ಗೆಳತಿಗೆ. ಮನೆಯ ತೆಲುಗಿನ ಮೇಲೆ ಶಾಲೆಯಲ್ಲಿ ಕನ್ನಡ ಕಲಿತವಳು ಅವಳು. ಒಂದನೇ ತರಗತಿಯಲ್ಲಿ ಕನ್ನಡ ತಪ್ಪಾದಾಗ ಏನು ಮಾಡಿದಿರಿ ಎಂದು ಕೇಳಿದೆ. "ಮತ್ತೆ ಹೇಳ್ತಿದ್ದೆ" ಎಂದಳು.

ತಂದೆ ಬಂದಾಗ ವೀಸಾದ ನಿಯಮವನ್ನು ಅವಳೇ ತೆಲುಗಿನಲ್ಲಿ ವಿವರಿಸಿದಳು. ಅವರಿಗೆ ಸಾಲಕ್ಕಿಂತ ಹೆಚ್ಚಾಗಿ ಮಗಳ ಒಂದು ವರ್ಷ ಹಾಳಾಗುವ ಚಿಂತೆ ಇತ್ತು. ಆ ವರ್ಷ ಇಲ್ಲೇ, ಸಂಬಳದ ಜೊತೆಗೆ ಕಳೆಯುತ್ತದೆ ಎಂದು ತಿಳಿದ ಮೇಲೆ ಹಗುರಾದರು. ಬರವಣಿಗೆಗೆ ಕೋಲಾರದಲ್ಲೇ ಒಬ್ಬರ ಹತ್ತಿರ ಪಾಠಕ್ಕೆ ಹೋಗುತ್ತಿದ್ದಾಳೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಬ್ಯಾಂಕಿಗೆ ಹೋಗುವುದಿಲ್ಲ ಎಂದು ತಂದೆ ಒಪ್ಪಿದ್ದಾರೆ.