ಫೋಟೊದ ಮೂಲೆಗಳು ಕಪ್ಪಾಗಿ ಬಂದರೆ ಲೆನ್ಸ್ ಕೆಟ್ಟಿದೆ ಎಂದೇ ಅರ್ಥವೇ?

ಮಂಡ್ಯದ ಬಳಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಿಂತು, ಹೊಸ 10–18 ಮಿ.ಮೀ. ವೈಡ್ (ಅಗಲ ನೋಟದ) ಲೆನ್ಸಿನಲ್ಲಿ ತೆಗೆದ ಗದ್ದೆಬಯಲಿನ ಚಿತ್ರಗಳಲ್ಲಿ ಮೂಲೆಗಳೆಲ್ಲ ಕಪ್ಪಾಗಿವೆ, ಅಂಗಡಿಯವರು ಲೆನ್ಸಿನದೇ ದೋಷ ಎನ್ನುತ್ತಾರೆ, ಇದಕ್ಕೆ ಪರಿಹಾರವೇನು ಎಂದು ಕೇಳಿದ್ದೀರಿ. ಯುವಿ ಫಿಲ್ಟರಿನ ಮೇಲೆ ಪೋಲರೈಸರನ್ನೂ (ಪ್ರತಿಫಲನ ತಗ್ಗಿಸಿ ಆಕಾಶವನ್ನು ಕಡುನೀಲಿ ಮಾಡುವ ಫಿಲ್ಟರ್) ಹಾಕಿದ್ದಾಗಿ ಬರೆದಿದ್ದೀರಿ. ಲೆನ್ಸನ್ನು ಅನುಮಾನಿಸುವ ಮೊದಲು ನಾನು ಆ ಜೋಡಿಯನ್ನೇ ಅನುಮಾನಿಸುತ್ತೇನೆ.

ಕಪ್ಪು ಹೇಗೆ ಶುರುವಾಗುತ್ತದೆ ಎಂಬುದನ್ನು ಚಿತ್ರವನ್ನು ಹಿಗ್ಗಿಸಿ ನೋಡಿ. ಗೆರೆ ಎಳೆದಂತೆ ತಟ್ಟನೆ ಶುರುವಾಗಿದ್ದರೆ ಯಾವುದೋ ವಸ್ತು ಬೆಳಕಿಗೆ ಅಡ್ಡ ಬಂದಿದೆ: ಒಂದರ ಮೇಲೊಂದು ಕೂತ ಫಿಲ್ಟರುಗಳ ಚೌಕಟ್ಟು, ಬೇರೆ ಲೆನ್ಸಿನ ಹುಡ್ (ಲೆನ್ಸಿನ ಮುಂದೆ ಕೂರಿಸುವ ನೆರಳುಪಟ್ಟಿ), ಇಲ್ಲವೇ ಸರಿಯಾಗಿ ತಿರುಗಿಸಿ ಕೂರಿಸದ ಹುಡ್. ಇಂಥ ಕಪ್ಪು 10 ಮಿ.ಮೀ.ನಲ್ಲಿ ಕಾಣಿಸಿಕೊಂಡು, 14ಕ್ಕೋ 18ಕ್ಕೋ ಜೂಮ್ ಮಾಡಿದಾಗ ಮಾಯವಾಗುತ್ತದೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾದುಹೋಗುವ ಕಂಡಿ) ಕಿರಿದು ಮಾಡಿದರೆ ಇದು ಹೋಗುವುದಿಲ್ಲ, ಅಂಚು ಇನ್ನಷ್ಟು ಚೂಪಾಗುತ್ತದೆ. ಯುವಿ ಫಿಲ್ಟರನ್ನು ತೆಗೆದು, ತೆಳು ಚೌಕಟ್ಟಿನ ಪೋಲರೈಸರ್ ಒಂದನ್ನೇ ಬಳಸಿ. ಆರಂಭಿಕರ ಹಲವು ಡಿಎಸ್‌ಎಲ್‌ಆರ್‌ಗಳ ವ್ಯೂಫೈಂಡರ್ ಚಿತ್ರದ ಸುಮಾರು ಶೇ. 95ರಷ್ಟನ್ನು ಮಾತ್ರ ತೋರಿಸುವುದರಿಂದ, ತೆಗೆಯುವಾಗ ಕಾಣದ ಕಪ್ಪು ಮನೆಗೆ ಬಂದ ಮೇಲೆ ಕಾಣುವುದು ಸಾಮಾನ್ಯ.

ಕಪ್ಪು ನಡುವಿನಿಂದ ಮೂಲೆಯ ಕಡೆಗೆ ನಿಧಾನವಾಗಿ ದಟ್ಟವಾಗಿದ್ದರೆ ಅದು ಲೆನ್ಸಿನ ಸಹಜ ಗುಣ. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದ ಸ್ಥಿತಿಯಲ್ಲಿದ್ದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನೇರವಾಗಿ ನೋಡಿದರೆ ಒಳಗೆ ದುಂಡನೆಯ ಬೆಳಕು ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಆ ದುಂಡು ಎರಡೂ ಕಡೆ ಕತ್ತರಿಸಿದಂತಾಗಿ ಬೆಕ್ಕಿನ ಕಣ್ಣಿನ ಆಕಾರಕ್ಕೆ ಕುಗ್ಗುತ್ತದೆ. ಲೆನ್ಸಿನ ಕೊಳವೆಯೇ ಬೆಳಕನ್ನು ತಡೆಯುವುದರಿಂದ ಮೂಲೆಗೆ ಸಿಗುವುದು ಆ ಕುಗ್ಗಿದ ಕಂಡಿಯಿಂದ ಬಂದ ಬೆಳಕು ಮಾತ್ರ. ಅಪರ್ಚರನ್ನು ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ ಎಫ್/8 ಅಥವಾ ಎಫ್/11ಕ್ಕೆ ಇಟ್ಟರೆ, ಓರೆಯಿಂದ ನೋಡಿದರೂ ಆ ಸಣ್ಣ ಕಂಡಿ ಪೂರ್ತಿ ಕಾಣುವುದರಿಂದ, ಈ ಭಾಗದ ಕಪ್ಪು ಬಹುಮಟ್ಟಿಗೆ ಹೋಗುತ್ತದೆ.

ಆಮೇಲೂ ಸ್ವಲ್ಪ ಉಳಿದೀತು. ಓರೆಯಾಗಿ ಬಂದ ಬೆಳಕು ಆ ಕೋನದ ಕೊಸೈನ್‌ನ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಲೆಕ್ಕದ ಪ್ರಕಾರ 45 ಡಿಗ್ರಿಯಲ್ಲಿ ಕಾಲುಭಾಗ ಮಾತ್ರ, ಅಂದರೆ 2 ಸ್ಟಾಪ್ ಕಡಿಮೆ. ವೈಡ್ ಲೆನ್ಸುಗಳ ವಿನ್ಯಾಸದಲ್ಲೇ ಇದನ್ನು ತಕ್ಕಮಟ್ಟಿಗೆ ತಗ್ಗಿಸಿರುತ್ತಾರೆ, ಆದರೆ ಪೂರ್ತಿ ಅಲ್ಲ. ಇದಕ್ಕೆ ಅಪರ್ಚರಿನಲ್ಲಿ ಮದ್ದಿಲ್ಲ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆದು, ಚಿತ್ರ ತಿದ್ದುವ ತಂತ್ರಾಂಶಗಳಾದ ಲೈಟ್‌ರೂಮಿನಲ್ಲೋ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲೋ ನಿಮ್ಮ ಲೆನ್ಸಿನ ಪ್ರೊಫೈಲ್ (ಅದರ ದೋಷಗಳನ್ನು ತಿದ್ದುವ ಸಿದ್ಧ ಲೆಕ್ಕ) ಆರಿಸಿಕೊಳ್ಳಿ. ಮೂಲೆಯನ್ನು 2 ಸ್ಟಾಪ್ ಎತ್ತಿದರೆ ಅಲ್ಲಿ ಐಎಸ್‌ಒ ನಾಲ್ಕು ಪಟ್ಟು ಏರಿಸಿದಷ್ಟು ನಾಯ್ಸ್ (ಕಾಳುಕಾಳಾದ ಚುಕ್ಕಿಗಳು) ಕಾಣುತ್ತದೆ ಎಂಬುದು ನೆನಪಿರಲಿ. ದೀಪಗಳಿಂದ ಬೆಳಗುವ ಅರಮನೆಯನ್ನು ಮೈಸೂರಿನಲ್ಲಿ ರಾತ್ರಿ ತೆಗೆಯುವಾಗ ನಾನು ಈ ತಿದ್ದುಪಡಿಯ ಗೋಜಿಗೇ ಹೋಗುವುದಿಲ್ಲ. ಮೂಲೆಯಲ್ಲಿರುವುದು ಹೇಗಿದ್ದರೂ ಕಪ್ಪು ಆಕಾಶ.

ಒಂದು ಎಚ್ಚರಿಕೆ: ವೈಡ್ ಲೆನ್ಸಿನಲ್ಲಿ ಪೋಲರೈಸರ್ ಬಳಸಿದಾಗ ನೀಲಿ ಆಕಾಶದ ಒಂದು ಭಾಗ ಮಾತ್ರ ಪಟ್ಟಿಯಂತೆ ಕಡುನೀಲಿಯಾಗುವುದುಂಟು. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದಲ್ಲಿ ಅದರ ಪರಿಣಾಮ ಹೆಚ್ಚಾಗಿರುವುದೇ ಇದಕ್ಕೆ ಕಾರಣ, ಪ್ರೊಫೈಲ್ ಇದನ್ನು ತಿದ್ದುವುದಿಲ್ಲ.

ಲೆನ್ಸನ್ನು ವಾಪಸು ಕೊಡುವ ಮೊದಲು ಫಿಲ್ಟರ್, ಹುಡ್ ಎರಡನ್ನೂ ತೆಗೆದು, ಒಂದೇ ಸಮನಾಗಿ ಬೆಳಕು ಬಿದ್ದ ಬಿಳಿಗೋಡೆಯನ್ನು 10 ಮಿ.ಮೀ.ನಲ್ಲಿ ಪೂರ್ತಿ ತೆರೆದ ಅಪರ್ಚರಿನಲ್ಲೊಮ್ಮೆ, ಎಫ್/11ರಲ್ಲೊಮ್ಮೆ ತೆಗೆಯಿರಿ. ನಾಲ್ಕೂ ಮೂಲೆಗಳು ಸಮನಾಗಿ ಮಂಕಾಗಿದ್ದು ಎರಡನೆಯದರಲ್ಲಿ ತಿಳಿಯಾದರೆ ಲೆನ್ಸ್ ಸರಿಯಾಗಿದೆ. ಒಂದೇ ಮೂಲೆ ಎದ್ದು ಕಾಣುವಷ್ಟು ಕಪ್ಪಾಗಿ, ಅಲ್ಲಿ ಚಿತ್ರವೂ ಮಸುಕಾಗಿ ಬರುತ್ತಿದ್ದರೆ ಮಾತ್ರ ಒಳಗಿನ ಗಾಜು ಜರುಗಿರುವ ಸಂಭವವಿದೆ. ಆಗ ಆ ಎರಡು ಚಿತ್ರಗಳನ್ನೂ ಜೊತೆಗಿಟ್ಟುಕೊಂಡು ವಾರಂಟಿಯಲ್ಲಿ ಬದಲಾಯಿಸಿಕೊಡುವಂತೆ ಕೇಳಿ.